ಪದ್ಯದಜ್ಜಿಗೆ ಕಟ್ಟಿದ ಬುತ್ತಿ

ದೇವರ ಮುಂದೆ ದೀಪ ಹಚ್ಚಿ, ಅಂಗೈಯಲ್ಲಿ ಬೆಲ್ಲದ ಚೂರು ಹಿಡಿದು ಸಾವಂತ್ರವ್ವ ಕಾದು ನಿಂತಿದ್ದಳು. ಆರು ವರ್ಷದ ಮೊಮ್ಮಗಳು ಅನುಜಾ ಕೈಕಟ್ಟಿ ನಿಂತು, ಹೊಸದಾಗಿ ಕಲಿತ ಪದ್ಯವನ್ನು ಒಂದಕ್ಷರ ತಪ್ಪದೆ ಒಪ್ಪಿಸಿದಳು. ಮುಗಿದದ್ದೇ ತಡ, ಓಡಿ ಬಂದಳು. ಸಾವಂತ್ರವ್ವ ಬಗ್ಗಿ ಕೈ ಮುಂದೆ ಮಾಡಿದಳು. ಹುಡುಗಿ ಆ ಕೈಯ ಪಕ್ಕದಿಂದಲೇ ಹಾದು ಹೋಗಿ, ಹಿಂದೆ ಕುರ್ಚಿಯಲ್ಲಿ ಕುಳಿತಿದ್ದ ಇನ್ನೊಬ್ಬ ಅಜ್ಜಿಯ ಕಾಲಿಗೆ ಹಣೆ ಹಚ್ಚಿದಳು!

ಅದರಲ್ಲಿ ಕೂಸಿನ ತಪ್ಪೇನೂ ಇರಲಿಲ್ಲ. ಆ ಮನೆಯ ಪದ್ಧತಿಯೇ ಹಾಗಿತ್ತು. ಮಕ್ಕಳು ಏನಾದರೂ ಬಾಯಿಪಾಠ ಕಲಿತರೆ ಅದನ್ನು ದೀಪ ಹಚ್ಚುವ ಹೊತ್ತಿನಲ್ಲಿ ಒಪ್ಪಿಸಬೇಕು, ಒಪ್ಪಿಸಿದ ಮೇಲೆ ಕಲಿಸಿದವರ ಕಾಲಿಗೆ ಬೀಳಬೇಕು, ಕಲಿಸಿದವರು ಮಗುವಿನ ಬಾಯಿಗೆ ಬೆಲ್ಲ ಹಾಕಬೇಕು. ಇದನ್ನು ಆ ಮನೆಗೆ ತಂದವಳೇ ಸಾವಂತ್ರವ್ವ. ನಲವತ್ತು ವರ್ಷದ ಹಿಂದೆ ಸವದತ್ತಿ ಸೀಮೆಯಿಂದ ಮದುವೆಯಾಗಿ ಪುಣೆಗೆ ಬಂದಾಗ ತವರಿನಿಂದ ತಂದ ಪದ್ಧತಿ ಅದು. ತಾನೇ ಹಾಕಿದ ಗೆರೆಯನ್ನು ತಾನು ದಾಟುವುದು ಹೇಗೆ? ಬೆಲ್ಲದ ಚೂರನ್ನು ಬೀಗತಿಯ ಕೈಗೆ ಇಟ್ಟು, ಸೆರಗಿನಿಂದ ಅಂಗೈ ಒರೆಸಿಕೊಳ್ಳುತ್ತ ಅಡಿಗೆಮನೆಗೆ ನಡೆದಳು. ಬೆಲ್ಲ ಅಂಟಿದ ಕೈ ಎಷ್ಟು ಒರೆಸಿದರೂ ಜಿಗುಟು ಹೋಗಲಿಲ್ಲ...

ಬೀಗತಿಯ ಹೆಸರು ನೀಲಗಂಗವ್ವ. ಸೊಸೆ ಶೈಲಾಳ ತಾಯಿ. ಬೈಲಹೊಂಗಲದ ಕನ್ನಡ ಶಾಲೆಯಲ್ಲಿ ಸೇವೆ ಮುಗಿಸಿ ನಿವೃತ್ತರಾದವರು. ಊರೆಲ್ಲ ಅವರನ್ನು ಅಕ್ಕೋರು ಎಂದೇ ಕರೆಯುತ್ತಿತ್ತು, ಈ ಮನೆಯಲ್ಲೂ ಅದೇ ಹೆಸರು ನಿಂತಿತು. ಗಂಡ ತೀರಿಕೊಂಡ ಮೇಲೆ ಒಬ್ಬರೇ ಇದ್ದರು. ಕಣ್ಣಿನ ಪೊರೆಯ ಆಪರೇಷನ್ನಿಗೆಂದು ಮಗಳು ಪುಣೆಗೆ ಕರೆತಂದಳು. ಕಣ್ಣು ನೆಟ್ಟಗಾದ ಮೇಲೂ, ಇನ್ನಷ್ಟು ದಿನ ಇರಲೆಂದು ಉಳಿಸಿಕೊಂಡಳು. ಹಾಗೆ ಉಳಿಸಿಕೊಳ್ಳುವುದಕ್ಕೆ ಮೊದಲು ಒತ್ತಾಯ ಮಾಡಿದವಳೂ ಸಾವಂತ್ರವ್ವನೇ ಎಂದರೆ ಈಗ ಯಾರು ನಂಬುತ್ತಾರೆ?

ಯಾಕೆಂದರೆ ಮನೆಯಲ್ಲಿ ಕನ್ನಡ ಸಾಯುತ್ತಿತ್ತು. ಧನಕವಡಿಯ ಆ ಕಟ್ಟಡದಲ್ಲಿ ಮಕ್ಕಳಿಗೆ ಆಟವೆಲ್ಲ ಮರಾಠಿ, ಶಾಲೆಯೆಲ್ಲ ಇಂಗ್ಲಿಷು. ಮಗ ಬಸವಪ್ರಭು, ಸೊಸೆ ಶೈಲಾ ಇಬ್ಬರೂ ಬೆಳಗಾಗುತ್ತಲೇ ಕಂಪನಿ ಬಸ್ಸು ಹತ್ತಿ ಹಿಂಜವಾಡಿಗೆ ಹೋದರೆ ಮರಳುವುದು ಕತ್ತಲಾದ ಮೇಲೆ. ಅನುಜಾ ಬಂದು "ಆಜಿ, ಪಾಣಿ ದೇ" ಎಂದಾಗ, ನೀರು ಕೊಟ್ಟು, ಒಳಗೆ ಹೋಗಿ ಕಣ್ಣೊರೆಸಿಕೊಂಡವಳು ಸಾವಂತ್ರವ್ವ. ತನಗೆ ಬರುತ್ತಿದ್ದ ಹಾಡುಗಳನ್ನು ಕಲಿಸಿದಳು. ಬೀಸುವಾಗ ಹಾಡುವುದೊಂದು, ತೊಟ್ಟಿಲು ತೂಗುವುದೊಂದು, ಶೀಗಿ ಹುಣ್ಣಿವೆಯದೊಂದು. ಅಲ್ಲಿಗೆ ಆಕೆಯ ಗಂಟು ಬರಿದಾಯಿತು. ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವಳು ಎಲ್ಲಿಂದ ತಂದಾಳು? ಹುಡುಗಿ "ಮತ್ತೊಂದು ಹೇಳಜ್ಜಿ" ಎಂದರೆ ಅದೇ ತೊಟ್ಟಿಲ ಹಾಡನ್ನೇ ತಿರುಗಾ ಹೇಳುತ್ತಿದ್ದಳು. ಆ ದಿನಗಳಲ್ಲಿ ಬೀಗತಿ ಬಂದು ಸೋಫಾದ ಮೇಲೆ ಕುಳಿತು ಒಂದು ಪದ್ಯ ಹೇಳಿದಾಗ, "ನಮ್ಮ ಮನಿಗೆ ಸರಸ್ವತಿ ಬಂದಾಳ" ಎಂದು ಕೈಮುಗಿದಿದ್ದಳು. ಬೇಡಿದ್ದು ಸಿಕ್ಕಿತು. ಆದರೆ ಬೇರೆಯವರ ಬಾಯಿಂದ ಸಿಕ್ಕಿತು.

ಅಕ್ಕೋರ ಕಲಿಸುವ ರೀತಿಯೇ ಬೇರೆ. ಅವರು ಪುಸ್ತಕ ಹಿಡಿಯುತ್ತಿರಲಿಲ್ಲ. ಹೆಚ್ಚಿನವು ಅವರೇ ಶಾಲೆಯ ಮಕ್ಕಳಿಗಾಗಿ ಕಟ್ಟಿದ್ದು, ಎಲ್ಲಿಯೂ ಬರೆದಿಟ್ಟದ್ದಲ್ಲ. ಪದ್ಯವನ್ನು ಎರಡು ಪಾಲು ಮಾಡುತ್ತಿದ್ದರು. ಕೇಳುವ ಸಾಲು ಅಕ್ಕೋರದ್ದು, ಉತ್ತರದ ಸಾಲು ಮಕ್ಕಳದ್ದು. ಅನುಜಾ ಮರೆತು ಕೇಳುವ ಸಾಲನ್ನೂ ಹೇಳಿದರೆ, "ಏ, ಅದು ನನ್ನ ಪಾಲು, ಕದೀಬಾರದು" ಎಂದು ಕಿವಿ ಹಿಂಡುವಂತೆ ಮಾಡುತ್ತಿದ್ದರು. ಪದ್ಯ ಪೂರ್ತಿ ಪಳಗಿದ ದಿನ ಪಾಲು ಬದಲಿ. ಆ ದಿನ ಅಕ್ಕೋರು ತಮ್ಮ ಸಾಲುಗಳನ್ನೂ ಮಗುವಿಗೆ ಕೊಟ್ಟುಬಿಡುತ್ತಿದ್ದರು. ಆಮೇಲೆಯೇ ದೀಪದ ಮುಂದೆ ಒಪ್ಪಿಸುವುದು. ಅವಳ ತಮ್ಮ, ನಾಲ್ಕು ವರ್ಷದ ಅಮೋಘನಿಗೆ ಸಾಲಿನ ಕೊನೆಯ ಶಬ್ದ ಮಾತ್ರ ಪಾಲಿಗೆ ಬಂದಿತ್ತು. ಅದನ್ನು ಅವನು ಮನೆಯ ಗೋಡೆ ನಡುಗುವಂತೆ ಕೂಗುತ್ತಿದ್ದ.

ಮಧ್ಯಾಹ್ನ ಮಕ್ಕಳು ಶಾಲೆಯಿಂದ ಬಂದ ಮೇಲೆ ಈ ಪಾಠ. ಆ ಹೊತ್ತಿಗೆ ಸರಿಯಾಗಿ ಸಾವಂತ್ರವ್ವನಿಗೆ ರೊಟ್ಟಿ ಬಡಿಯುವ ಕೆಲಸ. ನಡುವೆ ಒಂದೇ ಗೋಡೆ. ಅಲ್ಲಿ ನಗು ಕೇಳಿದರೆ ಇಲ್ಲಿ ರೊಟ್ಟಿಯ ಅಂಚು ಹರಿಯುತ್ತಿತ್ತು. ಮೊದಮೊದಲು ಕರಿಬೇವು ತರಲೆಂದು ಅನುಜಾಳನ್ನು ಪಾಠದ ನಡುವೆ ಕೆಳಗೆ ಕಳಿಸಿದಳು. ಆಮೇಲೆ ಅಕ್ಕೋರ ಹಿತ ಬಯಸುವವಳಂತೆ, ಕಣ್ಣಿನ ಆಪರೇಷನ್ ಆದವರು ಅಷ್ಟು ಮಾತಾಡಿದರೆ ನರಕ್ಕೆ ಏಟು ಎಂದು ಹೇಳಿ ನೋಡಿದಳು. ಅಕ್ಕೋರು ನಕ್ಕು, ಡಾಕ್ಟರು ಬಗ್ಗಬೇಡ ಎಂದಿದ್ದರೇ ಹೊರತು ಬಾಯಿ ಮುಚ್ಚೆಂದಿರಲಿಲ್ಲ ಎಂದರು. ಕೊನೆಗೆ ಮಿಕ್ಸರ್. ಪಾಠ ರಂಗೇರಿತೋ, ಸಾವಂತ್ರವ್ವನಿಗೆ ಶೇಂಗಾ ಪುಡಿ ಮಾಡುವುದು ನೆನಪಾಗುತ್ತಿತ್ತು. ಮಿಕ್ಸರ್ ಗುರ್ರೆಂದರೆ ಹೊರಗೆ ಎಲ್ಲ ಸುಮ್ಮನೆ ಕಾಯುತ್ತಿದ್ದರು. ನಿಂತ ಕೂಡಲೇ ಬಿಟ್ಟ ಸಾಲಿನಿಂದಲೇ ಮತ್ತೆ ಶುರು. ಮನೆಯ ಡಬ್ಬಿಗಳೆಲ್ಲ ಶೇಂಗಾ ಪುಡಿಯಿಂದ ತುಂಬಿದವು, ಪಾಠ ಮಾತ್ರ ನಿಲ್ಲಲಿಲ್ಲ.

ಗಂಡ ಶಿವರುದ್ರಪ್ಪ ಭವಾನಿ ಪೇಟೆಯಲ್ಲಿ ಬ್ಯಾಡಗಿ ಮೆಣಸಿನಕಾಯಿ ವ್ಯಾಪಾರ ಮಾಡಿ ಈಗ ಅಂಗಡಿಯನ್ನು ತಮ್ಮನಿಗೆ ಬಿಟ್ಟು ಮನೆಯಲ್ಲಿ ಕುಳಿತ ಮನುಷ್ಯ. ಪೇಪರು ಓದುವ ನೆವದಲ್ಲಿ ಪಾಠ ಕೇಳುತ್ತ ಕೂಡುತ್ತಿದ್ದ. ಒಂದು ದಿನ ಊಟಕ್ಕೆ ಕುಳಿತಾಗ, "ಅಕ್ಕೋರ ಬಾಯಾಗ ಮಾತು ಮುತ್ತಿನಂಗ ಉದರತಾವ ನೋಡು" ಎಂದ.

"ಹೌದ್ರಿ" ಎಂದಳು ಸಾವಂತ್ರವ್ವ, ತಾಟಿಗೆ ರೊಟ್ಟಿ ಹಾಕುತ್ತ. "ಇವತ್ತ ಮುತ್ತ ಉಣ್ರಿ. ಪಲ್ಲೆ ಬ್ಯಾಡ ನಿಮಗ."

ಆ ಹೊತ್ತು ಅವನಿಗೆ ನಿಜವಾಗಿಯೂ ಪಲ್ಯ ಸಿಗಲಿಲ್ಲ.

ಇಷ್ಟರವರೆಗೆ ಆದದ್ದನ್ನೆಲ್ಲ ಆಕೆ ನುಂಗಿಕೊಂಡಿದ್ದಳು. ನುಂಗಲಾಗದ್ದು ಒಂದು ಭಾನುವಾರ ಬಂತು. ಶೈಲಾಳ ಆಫೀಸಿನ ಗೆಳತಿಯೊಬ್ಬಳು ಮನೆಗೆ ಬಂದಿದ್ದಳು. ಅನುಜಾಳನ್ನು ತೊಡೆಯ ಮೇಲೆ ಕೂಡಿಸಿಕೊಂಡು, ನಿನಗೆ ಇಬ್ಬರು ಅಜ್ಜಿಯರಲ್ಲವೇ, ಹೆಸರೇನು ಎಂದು ಕೇಳಿದಳು. ಹುಡುಗಿ ಅಕ್ಕೋರ ಕಡೆ ಬೆರಳು ಮಾಡಿ, "ಇಕಿ ಪದ್ಯದಜ್ಜಿ" ಎಂದಳು. ಆಮೇಲೆ ಅಡಿಗೆಮನೆಯ ಬಾಗಿಲಲ್ಲಿ ಚಹಾದ ತಾಟು ಹಿಡಿದು ನಿಂತಿದ್ದ ಸಾವಂತ್ರವ್ವನ ಕಡೆ ತಿರುಗಿ ಹೇಳಿದಳು:

"ಇಕಿ ರೊಟ್ಟಿ ಅಜ್ಜಿ."

ಎಲ್ಲರೂ ನಕ್ಕರು. ಸಾವಂತ್ರವ್ವ ಕೂಡ ನಕ್ಕಳು. ಆದರೆ ಆ ನಗು ಮುಖದ ಮೇಲೆ ಹಾಗೇ ಒಣಗಿತು. ಹುಟ್ಟಿದ ದಿನದಿಂದ ಈ ಕೂಸಿಗೆ ಎಣ್ಣೆ ಹಚ್ಚಿ ಎರೆದದ್ದು ಯಾರು? ಜ್ವರ ಬಂದಾಗ ತೊಡೆಯ ಮೇಲೆ ಹಾಕಿಕೊಂಡು ಕುಳಿತದ್ದು ಯಾರು? ತಾಯಿ ಕಂಪನಿಗೆ ಹೋದಾಗ ಅಳುವ ಕೂಸನ್ನು ಕಿಟಕಿಯಲ್ಲಿ ನಿಲ್ಲಿಸಿ ಕಾತ್ರಜದ ಘಾಟಿಗೆ ಹೋಗುವ ಬಸ್ಸು ತೋರಿಸಿ ನಗಿಸಿದ್ದು ಯಾರು? ಇಷ್ಟೆಲ್ಲ ಆದ ಮೇಲೆ ತಾನು ರೊಟ್ಟಿ! ನಿನ್ನೆ ಮೊನ್ನೆ ಬಂದು ಕುರ್ಚಿಯ ಮೇಲೆ ಕುಳಿತು ಬಾಯಾಡಿಸಿದವರು ಪದ್ಯ! ಹೊಟ್ಟೆಯೊಳಗೆ ಬೆಂಕಿ ಬಿದ್ದಂತಾಯಿತು. ಹೆಂಚಿನ ಮುಂದೆ ಆಯುಷ್ಯ ಕಳೆದವಳಿಗೆ ಬೆಂಕಿ ಹೊಸದಲ್ಲ, ಆದರೆ ಈ ಬೆಂಕಿಯನ್ನು ಸಣ್ಣ ಮಾಡುವ ಗುಂಡಿ ಎಲ್ಲಿದೆಯೋ ಆಕೆಗೆ ತಿಳಿಯಲಿಲ್ಲ...

ಆಗ ನಡೆಯುತ್ತಿದ್ದದ್ದು ಹಳ್ಳದ ಪದ್ಯ. ಸಣ್ಣ ಹಳ್ಳವೊಂದು ಹೊಳೆಗೆ ಹೊರಟಿದೆ, ದಾರಿಯಲ್ಲಿ ಯಾರೋ ಕೇಳುತ್ತಾರೆ, ಹಳ್ಳ ಉತ್ತರ ಹೇಳುತ್ತದೆ. ಕನ್ನಡ ಸಂಘದ ಮಕ್ಕಳ ಕಾರ್ಯಕ್ರಮದಲ್ಲಿ ಅನುಜಾ ಅದನ್ನೇ ಹೇಳಬೇಕೆಂದು ಶೈಲಾ ಹೆಸರು ಕೊಟ್ಟಾಗಿತ್ತು. ಮೂರು ಜೋಡಿ ಸಾಲು ಕಲಿತಾಗಿತ್ತು, ಕೊನೆಯ ಜೋಡಿ ಉಳಿದಿತ್ತು. ಅನುಜಾ ದಿನವೂ ಕೇಳುತ್ತಿದ್ದಳು, ಅಕ್ಕೋರು ದಿನವೂ "ನಾಳೆ" ಎನ್ನುತ್ತಿದ್ದರು. ಇನ್ನೆಷ್ಟು ನಾಳೆಗಳನ್ನು ತಾನು ನೋಡಬೇಕು ಎಂದುಕೊಂಡಳು ಸಾವಂತ್ರವ್ವ.

ಮರುದಿನ ಮಕ್ಕಳು ಶಾಲೆಗೆ ಹೋದ ಮೇಲೆ ಆಕೆ ಹಿಟ್ಟು ನಾದಿದಳು. ತೆಳ್ಳಗೆ ರೊಟ್ಟಿ ಬಡಿದು, ಕಟಕ್ಕೆಂದು ಮುರಿಯುವಂತೆ ಒಣಗಿಸಿ ಕಟಕ ರೊಟ್ಟಿ ಮಾಡಿದಳು. ಡಬ್ಬಿಗಳಲ್ಲಿ ತುಂಬಿದ್ದ ಶೇಂಗಾ ಪುಡಿಗೆ ಖಾರ, ಬೆಳ್ಳುಳ್ಳಿ ಸೇರಿಸಿ ಚಟ್ನಿ ಕುಟ್ಟಿದಳು. ಗುರೆಳ್ಳು ಪುಡಿ, ಸಿಹಿಗೆಂದು ಮೇಲೆ ಒಂದಿಷ್ಟು ಮಾದಲಿ. ಎಲ್ಲವನ್ನೂ ಬಿಳಿ ಪಂಜೆಯಲ್ಲಿಟ್ಟು ಗಂಟು ಬಿಗಿದು, ಅಡಿಗೆಮನೆಯ ಕಟ್ಟೆಯ ಮೇಲೆ ಬಾಗಿಲಿಗೆ ಎದುರಾಗಿ ಇಟ್ಟಳು.

ಅಕ್ಕೋರು ನೀರು ಕುಡಿಯಲು ಬಂದರು. ಗಂಟು ನೋಡಿದರು. ಲೋಟ ಕೈಯಲ್ಲೇ ನಿಂತಿತು.

ಬುತ್ತಿ ಕಟ್ಟುವುದು ಊರಿಗೆ ಹೊರಟವರಿಗೆ. ಹೊರಡುವ ಮಾತೇ ಆಡದ ಬೀಗರ ಮುಂದೆ ಬುತ್ತಿ ಕಟ್ಟಿಟ್ಟರೆ ಬಾಯಿಬಿಟ್ಟು ಹೇಳುವುದು ಏನೂ ಉಳಿಯುವುದಿಲ್ಲ. ಆ ಸೀಮೆಯಲ್ಲಿ ಹುಟ್ಟಿದ ಹೆಂಗಸಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಸಾವಂತ್ರವ್ವ ಬೆನ್ನು ತಿರುಗಿಸಿ ಪಾತ್ರೆ ತಿಕ್ಕುತ್ತಿದ್ದಳು. ಒಂದೇ ಪಾತ್ರೆಯನ್ನು ತಿಕ್ಕಿದ್ದೇ ತಿಕ್ಕಿದಳು.

"ಯಾರಿಗ್ರಿ, ಸಾವಂತ್ರಕ್ಕಾರ?" ಎಂದು ಅಕ್ಕೋರು ಕೇಳಿದರು.

"ಇರಲಿ ಅಂತ ಕಟ್ಟೀನ್ರಿ. ಕೆಡೂದಲ್ಲ."

ಅಕ್ಕೋರು ಲೋಟವನ್ನು ಮೆಲ್ಲಗೆ ಕೆಳಗಿಟ್ಟರು. ನೀರು ಕುಡಿದಿರಲಿಲ್ಲ.

ಆ ಸಂಜೆ ಶೈಲಾ ಬಂದಾಗ ತಾಯಿಯ ಚೀಲ ಬಾಗಿಲ ಬಳಿ ಇತ್ತು. ಊರಲ್ಲಿ ಮನೆಯ ಕದ ಮುಚ್ಚಿ ಬಹಳ ದಿನವಾಯಿತು, ಬಾಗಿಲಿಗೆ ಗೆದ್ದಲು ಹತ್ತಿದೆಯೆಂದು ಪಕ್ಕದವರು ಫೋನ್ ಮಾಡಿದ್ದಾರೆ ಎಂದರು ಅಕ್ಕೋರು. ಮಗಳು ಅತ್ತಳು, ಅಳಿಯ ಬೇಡವೆಂದ. ಅವರು ಕೇಳಲಿಲ್ಲ. ಅನುಜಾ ಸೆರಗು ಹಿಡಿದು ಕೊನೆಯ ಸಾಲು ಕೇಳಿದಳು. "ಬಂದಾಗ ಹೇಳತೀನಿ, ನನ್ನವ್ವಾ" ಎಂದರು. ಬಸವಪ್ರಭು ಕಾತ್ರಜದವರೆಗೆ ಹೋಗಿ ಬಸ್ಸು ಹತ್ತಿಸಿ ಬಂದ. ಹೊರಡುವಾಗ ಅಕ್ಕೋರು ಬುತ್ತಿಯ ಗಂಟನ್ನು ಚೀಲದಲ್ಲಿ ಹಾಕಲಿಲ್ಲ, ಎದೆಗೆ ಒತ್ತಿಕೊಂಡು ಹೋದರು. ಶಿವರುದ್ರಪ್ಪ ಅದನ್ನು ನೋಡಿದ, ಹೆಂಡತಿಯ ಮುಖ ನೋಡಿದ. ಆ ದಿನದಿಂದ ಅವನು ಪೇಪರನ್ನು ಹೊರಗಿನ ಗ್ಯಾಲರಿಯಲ್ಲಿ ಕುಳಿತು ಓದತೊಡಗಿದ.

ಗೆದ್ದೆ ಎಂದುಕೊಂಡಳು ಸಾವಂತ್ರವ್ವ. ಮನೆ ಮತ್ತೆ ತನ್ನದಾಯಿತು, ಮಕ್ಕಳು ತನ್ನವರಾದರು... ದೀಪ ಹಚ್ಚಿ ಬೆಲ್ಲ ಹಿಡಿದು ನಿಂತಳು. ಅನುಜಾ ಬರಲಿಲ್ಲ. ಒಪ್ಪಿಸುವುದಕ್ಕೆ ಹೊಸದೇನಿತ್ತು? ತೊಟ್ಟಿಲ ಹಾಡು ಹೇಳಿದರೆ ಹುಡುಗಿ ಬೀಗರ ಮನೆಯ ಊಟದಂತೆ ಮರ್ಯಾದೆಗೆ ಕುಳಿತು ಕೇಳಿ ಎದ್ದು ಹೋದಳು. ಅಮೋಘ ಕೆಲವು ದಿನ ಸಾಲಿನ ಕೊನೆಯ ಶಬ್ದಗಳನ್ನು ಒಬ್ಬನೇ ಕೂಗಿದ. ಮುಂದೆ ಯಾರೂ ಸಾಲು ಹೇಳದಿದ್ದಾಗ ಅವನೂ ಬಿಟ್ಟ.

ಒಂದು ಮಧ್ಯಾಹ್ನ ಸಾವಂತ್ರವ್ವ ರೊಟ್ಟಿ ಬಡಿಯುತ್ತಿದ್ದಳು. ಅಂಗೈ ಏಳುತ್ತ ಬೀಳುತ್ತ ಇದ್ದಂತೆ ಬಾಯಿ ತನ್ನಷ್ಟಕ್ಕೇ ಏನೋ ಗುನುಗುತ್ತಿತ್ತು. ಏನೆಂದು ಕಿವಿಗೊಟ್ಟಳು. "ಹಳ್ಳವೇ ಹಳ್ಳವೇ, ಎಲ್ಲಿಗೆ ಹೊರಟೆ?" ಆಕೆಯ ಕೈ ಅಲ್ಲೇ ನಿಂತಿತು. ಪ್ರತಿ ಮಧ್ಯಾಹ್ನ ಗೋಡೆಯಾಚೆ ಕಿವಿ ಇಟ್ಟು ಸುಟ್ಟುಕೊಂಡದ್ದು ಸುಮ್ಮನೆ ಹೋಗಿರಲಿಲ್ಲ. ಕಿಚ್ಚು ಅಕ್ಕೋರ ಸಾಲುಗಳನ್ನೆಲ್ಲ ಒಂದೂ ಬಿಡದೆ ಎದೆಯ ಮೇಲೆ ಬರೆ ಎಳೆದಂತೆ ಎಳೆದಿತ್ತು! ಸಾವಂತ್ರವ್ವ ನಾಲಿಗೆ ಕಚ್ಚಿಕೊಂಡಳು. ಹೆಂಚಿನ ಮೇಲಿನ ರೊಟ್ಟಿ ಹೊತ್ತಿ ಮನೆಯೆಲ್ಲ ಹೊಗೆಯಾಯಿತು.

ಸಂಘದ ಕಾರ್ಯಕ್ರಮದ ದಿನ ಬಂತು. ಸಭಾಗೃಹದಲ್ಲಿ ಜನ ಕಿಕ್ಕಿರಿದಿದ್ದರು. ಅನುಜಾಳಿಗೆ ಶೈಲಾ ಇಳಕಲ್ಲ ಸೆರಗಿನ ಪರಕಾರ ಲಂಗ ಹೊಲಿಸಿದ್ದಳು. ಹೆಸರು ಕರೆದರು. ಹುಡುಗಿ ವೇದಿಕೆಯ ನಡುವೆ ಬಂದು ಕೈಕಟ್ಟಿ ನಿಂತಳು, ಸುಮ್ಮನೆ ನಿಂತೇ ನಿಂತಳು. ಕಾರ್ಯಕ್ರಮ ನಡೆಸುತ್ತಿದ್ದ ಹೆಣ್ಣುಮಗಳು ಬಾಗಿ ಧೈರ್ಯ ಹೇಳಿ, ಪದ್ಯ ಮರೆತುಹೋಯಿತೇ ಎಂದು ಕೇಳಿದಳು. ಅನುಜಾ ತಲೆ ಅಲ್ಲಾಡಿಸಿದಳು. ಮೈಕಿನಲ್ಲಿ ಸಣ್ಣ ದನಿ ಕೇಳಿತು.

"ನನಗ ಬರತದ. ಅಜ್ಜಿ ಕೇಳಬೇಕು. ಆಮ್ಯಾಲೆ ನಾನು."

ಜನ ನಕ್ಕರು. ಶೈಲಾ ಕುರ್ಚಿಯಿಂದ ಅರ್ಧ ಎದ್ದಳು. ಆದರೆ ಅವಳಿಗೇನು ಗೊತ್ತು? ಪಾಠದ ಹೊತ್ತಿಗೆ ಅವಳು ಹಿಂಜವಾಡಿಯಲ್ಲಿ ಇರುತ್ತಿದ್ದಳು. ಪಾಲು ಬದಲಿ ಆಗುವ ಮೊದಲೇ ಪಾಲುಗಾರರು ಹೊರಟುಹೋಗಿದ್ದರು. ಕೂಸಿನ ಬಾಯಲ್ಲಿ ಉಳಿದದ್ದು ಬರೀ ಉತ್ತರ. ಆ ಉತ್ತರಕ್ಕೂ ಯಾರಾದರೂ ಕೇಳಿದರೆ ತಾನೆ ಬಾಯಿ? ಅನುಜಾ ಪರಕಾರದ ಅಂಚನ್ನು ಎರಡೂ ಮುಷ್ಟಿಯಲ್ಲಿ ಹಿಡಿದಳು. ಇನ್ನೊಂದು ಗಳಿಗೆಗೆ ಅಳು ಬರುತ್ತಿತ್ತು...

"ಹಳ್ಳವೇ ಹಳ್ಳವೇ, ಎಲ್ಲಿಗೆ ಹೊರಟೆ?"

ಜನರ ನಡುವಿನಿಂದ ಒಂದು ಒರಟು ದನಿ ಎದ್ದಿತು. ಯಾರೆಂದು ಎಲ್ಲರೂ ತಿರುಗಿದರು. ಸಾವಂತ್ರವ್ವ ಎದ್ದು ನಿಂತಿದ್ದಳು. ತಾನು ಎದ್ದದ್ದು ಆಕೆಗೇ ಗೊತ್ತಿರಲಿಲ್ಲ. ವೇದಿಕೆಯ ಮೇಲೆ ಹುಡುಗಿಯ ಮುಖ ದೀಪ ಹಚ್ಚಿದಂತಾಯಿತು.

"ಹೊಳೆಯವ್ವ ಕರೆದಳು, ಅಲ್ಲಿಗೆ ಹೊರಟೆ."

"ಮಡಿಲಲ್ಲಿ ಏನಿದೆ, ತೋರಿಸು ನೋಡುವೆ?"

"ತವರಿನ ಕರಿಮಣ್ಣು, ಕಾಣಿಕೆ ನೀಡುವೆ."

"ದಾರಿಯ ಕಲ್ಲಿಗೆ ಎಡವೀಯೆ, ಜೋಕೆ!"

"ಕಲ್ಲನು ಬಳಸುವೆ, ಜಗಳವು ಯಾಕೆ?"

"ಯಾಕೆ!" ಎಂದು ಅಮೋಘ ತಂದೆಯ ತೊಡೆಯ ಮೇಲಿಂದ ಕೂಗಿದ.

ಅನುಜಾ ಮುಂದಿನ ಪ್ರಶ್ನೆಗೆ ಕಣ್ಣರಳಿಸಿ ಕಾದಳು. ಸಾವಂತ್ರವ್ವ ಬಾಯಿ ತೆರೆದಳು. ಒಳಗೆ ಏನೂ ಇರಲಿಲ್ಲ. ಅಲ್ಲಿಂದ ಮುಂದಿನದು ಬುತ್ತಿಯ ಗಂಟಿನ ಜೊತೆಗೆ ಕಾತ್ರಜದ ಬಸ್ಸು ಹತ್ತಿ ಹೋಗಿತ್ತು. ಜನ ಅಲ್ಲಿಗೇ ಮುಗಿಯಿತೆಂದು ಚಪ್ಪಾಳೆ ತಟ್ಟಿದರು. ಆ ಗದ್ದಲದಲ್ಲಿ ಹುಡುಗಿ "ಇನ್ನೊಂದು ಅದ" ಎಂದದ್ದು ಕೇಳಿಸಿದ್ದು ಸಾವಂತ್ರವ್ವನೊಬ್ಬಳಿಗೇ.

ಕೆಳಗಿಳಿದವಳೇ ಅನುಜಾ ಓಡಿಬಂದು ಆಕೆಯ ಸೊಂಟ ತಬ್ಬಿದಳು. "ಅಜ್ಜಿ, ನಿನಗೂ ಪದ್ಯ ಬರತದ! ಇನ್ನ ಮ್ಯಾಲೆ ನೀನ ಪದ್ಯದಜ್ಜಿ."

ಇಷ್ಟು ದಿನ ಯಾವ ಮಾತಿಗಾಗಿ ಉರಿದಿದ್ದಳೋ ಆ ಮಾತು ಬಂತು. ಸುಮ್ಮನಿದ್ದರೆ ಸಾಕಿತ್ತು, ಎಲ್ಲವೂ ತನ್ನದಾಗುತ್ತಿತ್ತು. ಯಾರಿಗೂ ಏನೂ ಗೊತ್ತಿರಲಿಲ್ಲ. ಆದರೆ ಆ ಮಾತು ಎದೆಯೊಳಗೆ ಇಳಿಯಲಿಲ್ಲ. ಕೂಸಿನ ತಲೆ ಸವರಿ, "ಅಲ್ಲವ್ವ. ಆ ಹೆಸರು ನಂದಲ್ಲ" ಎಂದಳು. ಪಕ್ಕದಲ್ಲಿ ನಿಂತಿದ್ದ ಶಿವರುದ್ರಪ್ಪ ಬಹಳ ದಿನಗಳ ಮೇಲೆ ಹೆಂಡತಿಯ ಕಡೆ ನೆಟ್ಟಗೆ ನೋಡಿದ.

ಮನೆಗೆ ಬಂದು, ಸೊಸೆ ಒಬ್ಬಳೇ ಇರುವಾಗ ಸಾವಂತ್ರವ್ವ ಅವಳ ಎದುರು ಕುಳಿತಳು. ಗೆದ್ದಲೂ ಇಲ್ಲ, ಫೋನೂ ಇಲ್ಲ, ತಾನೇ ಬುತ್ತಿ ಕಟ್ಟಿಟ್ಟು ನಿನ್ನ ತಾಯಿಯನ್ನು ಹೊರಗೆ ಹಾಕಿದೆ ಎಂದು ಹೇಳಿಬಿಟ್ಟಳು. ಶೈಲಾ ಬಯ್ಯುತ್ತಾಳೆ ಎಂದುಕೊಂಡಿದ್ದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವಳು ಸೀರೆಯ ನಿರಿಗೆಯನ್ನೇ ನೋಡುತ್ತ ಕುಳಿತು, ಕೊನೆಗೆ ಹೇಳಿದಳು:

"ಅತ್ಯಾರ, ಅವ್ವ ಬಸ್ಸು ಹತ್ತೋ ಮುಂದ ಫೋನ್ ಮಾಡಿದ್ಲು. 'ನಿಮ್ಮತ್ತಿ ಮನಸಿಟ್ಟು ಬುತ್ತಿ ಕಟ್ಯಾರ, ಅವರ್ನ ಚಲೋತ್ನ್ಯಾಗ ನೋಡ್ಕೋ' ಅಂದ್ಲು. ನಾ ಅದನ್ನ ಖರೇ ಅಂತ ತಿಳದು ಭಾಳ ಖುಷಿಪಟ್ಟಿದ್ದೆ."

ಸಾವಂತ್ರವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು...

ಮರುದಿನ ಬೆಳಕು ಹರಿಯುತ್ತಲೇ ಗಂಡಹೆಂಡತಿ ಕಾತ್ರಜದಲ್ಲಿ ಬಸ್ಸು ಹತ್ತಿದರು. ಆಕೆ ಕಿಟಕಿಯ ಬಳಿ ಕುಳಿತು ಸಾತಾರಾ ಬಂದರೂ ಮಾತಾಡಲಿಲ್ಲ, ಕೊಲ್ಹಾಪುರ ಬಂದರೂ ಮಾತಾಡಲಿಲ್ಲ. ಬೆಳಗಾವಿಯಲ್ಲಿ ಬಸ್ಸು ಬದಲಿಸುವಾಗ ಮಾತ್ರ, "ಕದಾ ತಗೀತಾರಿಲ್ಲೋ" ಎಂದಳು. ಶಿವರುದ್ರಪ್ಪ ಆಕೆಯ ಕೈಚೀಲವನ್ನು ತಾನೇ ಹಿಡಿದುಕೊಂಡು, "ಅಕ್ಕೋರು ನಿನ್ನಂಗಲ್ಲ, ನಡಿ" ಎಂದ. ಆ ಮಾತಿಗೆ ಬೇರೆ ದಿನವಾಗಿದ್ದರೆ ಪಲ್ಯ ತಪ್ಪುತ್ತಿತ್ತು.

ಬೈಲಹೊಂಗಲದ ಓಣಿಯಲ್ಲಿ ಕದ ತೆರೆದೇ ಇತ್ತು. ಕದಕ್ಕೆ ಎಲ್ಲಿಯೂ ಗೆದ್ದಲು ಇರಲಿಲ್ಲ. ಅಕ್ಕೋರು ಬೀಗರನ್ನು ನೋಡಿ ಗಾಬರಿಯಾಗಿ, ಮಕ್ಕಳು ಆರಾಮ ಇದ್ದಾರೋ ಎಂದು ಮೊದಲು ಕೇಳಿದರು. ಕಾಲಿಗೆ ನೀರು ಕೊಟ್ಟರು. ಶಿವರುದ್ರಪ್ಪ ಊರು ನೋಡಿ ಬರುತ್ತೇನೆಂದು ಬೇಕೆಂದೇ ಹೊರಗೆ ಹೋದ. ಸಾವಂತ್ರವ್ವ ಒಳಗೆ ಕಾಲಿಟ್ಟವಳೇ ನಿಂತುಬಿಟ್ಟಳು. ನಡುಮನೆಯ ಗೂಟಕ್ಕೆ ಬಿಳಿ ಪಂಜೆಯ ಗಂಟು ತೂಗುತ್ತಿತ್ತು. ತಾನು ಬಿಗಿದ ಗಂಟು, ಬಿಗಿದ ಹಾಗೇ ಇತ್ತು.

"ಬಿಚ್ಚೇ ಇಲ್ಲೇನ್ರಿ, ಅಕ್ಕೋರ?"

"ಬುತ್ತಿ ಹಾದ್ಯಾಗ ಉಣ್ಣೂದ್ರಿ" ಎಂದರು ಅಕ್ಕೋರು. "ಮನಿಗೆ ಬಂದೆ ಖರೇ. ಆದ್ರ ಹಾದಿ ಮುಗೀತು ಅಂತ ಅನ್ನಿಸಲೇ ಇಲ್ಲ ನೋಡ್ರಿ."

ಸಾವಂತ್ರವ್ವ ನೆಲಕ್ಕೆ ಕುಸಿದು ಕುಳಿತಳು. "ಹೊಟ್ಟಿಕಿಚ್ಚು ಅಕ್ಕೋರ... ಮತ್ತೇನೂ ಅಲ್ಲ. ಕೂಸು ನಿಮ್ಮ ಕಾಲಿಗೆ ಬಿದ್ದಾಗೊಮ್ಮೆ ನನ್ನ ಹೊಟ್ಯಾಗ ಕೊಳ್ಳಿ ಇಟ್ಟಂಗ ಆಗತಿತ್ತು. ನಿಮಗ ಎಲ್ಲಾ ಬರತದ, ನನಗ ಏನೂ ಬರೂದಿಲ್ಲ. ಇದ್ದ ಒಂದ ಮೊಮ್ಮಗಳನ್ನೂ ನೀವ ತಗೊಂಡ್ರ ನನಗ ಉಳಿಯೂದೇನು ಅಂತ..."

ಅಕ್ಕೋರು ಎದುರಿಗೆ ನೆಲದ ಮೇಲೆಯೇ ಕುಳಿತರು.

"ನಂದೂ ಒಂದು ಕೇಳ್ರಿ. ಪದ್ಯ ಮುಗಿಯೂತನಾ ಅನುಜಾ ನನ್ನ ಹಂತೇಕ ಇರತಿದ್ಲು. ನಿದ್ದಿ ಬಂತೋ, ಎದ್ದು ನಿಮ್ಮ ತೊಡಿಗೆ ಬರತಿದ್ಲು. ಒಂದು ದಿನಾರ ನನ್ನ ತೊಡಿಮ್ಯಾಲೆ ಮಲಗಲಿ ಅಂತ ನಾ ಏನೇನು ಮಾಡಿದೆ, ನಿಮಗ ಗೊತ್ತಿಲ್ಲ. ಹಳ್ಳದ ಪದ್ಯದ ಕಡೀ ಸಾಲು ಯಾಕ ಕೊಡಲಿಲ್ಲ? ಕೊಟ್ಟುಬಿಟ್ರ ಕೂಸು ಎದ್ದು ಹೋಗತದ ಅಂತ. ನಾಳೆ, ನಾಳೆ ಅಂತ ಬಚ್ಚಿಟ್ಟೆ. ಮಕ್ಕಳಿಗೆ ಕಲಿಸೂದು ಬಿಟ್ಟು ಸತಾಯಿಸಿದಾಕಿ ನಾನು. ಅಕ್ಕೋರು ಅಂತ ನನಗ."

ಇಬ್ಬರೂ ಮುಖ ಮುಖ ನೋಡಿಕೊಂಡರು. ಒಬ್ಬರ ಕಿಚ್ಚು ಇನ್ನೊಬ್ಬರಿಗೆ ಇಷ್ಟು ದಿನ ಗೋಡೆಯಾಚೆ ಕಾಣದೆ ಹೋಗಿತ್ತು! ಸಾವಂತ್ರವ್ವನಿಗೆ ಅಳುವಿನ ನಡುವೆಯೇ ನಗು ಬಂತು. ಅಕ್ಕೋರೂ ನಕ್ಕರು, ನಕ್ಕು ಸೆರಗಿನಿಂದ ಹೊಸ ಕಣ್ಣು ಒರೆಸಿಕೊಂಡರು.

ಸಭೆಯಲ್ಲಿ ನಡೆದದ್ದನ್ನೆಲ್ಲ ಕೇಳಿದ ಮೇಲೆ ಅಕ್ಕೋರು ಹತ್ತಿರ ಸರಿದು, "ಕಡೀ ಎರಡು ಸಾಲು ನಿಮಗ ಹೇಳತೀನಿ. ಉಳಿದದ್ದು ನಿಮಗ ಬಂದೇ ಬರತದ. ನೀವ ಒಯ್ದು ಕೂಸಿಗೆ ಕೊಡ್ರಿ" ಎಂದರು.

ಸಾವಂತ್ರವ್ವ ಎರಡೂ ಕೈಗಳಿಂದ ಕಿವಿ ಮುಚ್ಚಿಕೊಂಡಳು. "ಬ್ಯಾಡ್ರಿ. ನನ್ನ ಕಿಚ್ಚು ಇನ್ನೂ ಪೂರಾ ಆರಿಲ್ಲ. ನನ್ನ ಕೈಯಾಗ ಕೊಟ್ರ ಇದು ನಂದ ಅಂದುಬಿಡತೀನಿ. ನೀವ ಬಂದು ಕೊಡ್ರಿ."

ಮರಳುವ ಬಸ್ಸು ನಿಪ್ಪಾಣಿ ದಾಟಿದ ಮೇಲೆ ಇಬ್ಬರು ಬೀಗತಿಯರ ತೊಡೆಯ ಮೇಲೆ ಬಿಳಿ ಪಂಜೆ ಬಿಚ್ಚಿಕೊಂಡಿತು. ಕಟಕ ರೊಟ್ಟಿ ಕೆಟ್ಟಿರಲಿಲ್ಲ, ಮುರಿದರೆ ಹಪ್ಪಳದಂತೆ ಸದ್ದು ಮಾಡುತ್ತಿತ್ತು. ಚಟ್ನಿ ಸ್ವಲ್ಪ ಖಾರ ಹೆಚ್ಚಾಗಿದೆ ಎಂದರು ಅಕ್ಕೋರು. ಕುಟ್ಟುವಾಗ ನಿಮ್ಮನ್ನೇ ನೆನೆಸಿಕೊಂಡು ಕುಟ್ಟಿದ್ದೆ ಎಂದಳು ಸಾವಂತ್ರವ್ವ. ಹಿಂದಿನ ಸೀಟಿನಲ್ಲಿದ್ದ ಶಿವರುದ್ರಪ್ಪ ಕೈ ಚಾಚಿ ತನ್ನ ಪಾಲು ಕೇಳಿದ.

ಮರುದಿನ ಸಂಜೆ ದೀಪ ಹಚ್ಚಿದರು. ಮಧ್ಯಾಹ್ನವೇ ಪಾಲು ಬದಲಿ ಆಗಿತ್ತು. ಅನುಜಾ ಕೈಕಟ್ಟಿ ನಿಂತು, ಕೇಳುವ ಸಾಲನ್ನೂ ಉತ್ತರದ ಸಾಲನ್ನೂ ತಾನೇ ಹೇಳುತ್ತ ಕೊನೆಯ ಜೋಡಿಗೆ ಬಂದಳು.

"ಹೊಳೆಯನು ಸೇರಲು ನಿನ್ನ ಹೆಸರೇನು?
ಬಾಯಾರಿ ಬಂದವರು ಕೇಳುವರೇನು?"

"ಏನು!" ಎಂದು ಅಮೋಘ ಗೋಡೆ ನಡುಗಿಸಿದ.

ಹುಡುಗಿ ಓಡಿಬಂದಳು. ಸಾವಂತ್ರವ್ವ ಈ ಸಲ ಬಗ್ಗಲಿಲ್ಲ. ಕೂಸು ಬರುವ ಮೊದಲೇ ಬೆಲ್ಲದ ಚೂರನ್ನು ಅಕ್ಕೋರ ಅಂಗೈಗೆ ಇಟ್ಟು ಪಕ್ಕಕ್ಕೆ ಸರಿದು ನಿಂತಿದ್ದಳು. ಅನುಜಾ ಅಕ್ಕೋರ ಕಾಲಿಗೆ ಬಿದ್ದು ಬೆಲ್ಲ ತಿಂದಳು. ಆಮೇಲೆ ಬಾಯಿ ಚಪ್ಪರಿಸುತ್ತ ತಿರುಗಿ, "ರೊಟ್ಟಿ ಅಜ್ಜಿ, ಹಸಿವು" ಎಂದಳು. ಆ ಹೆಸರು ಕೇಳಿ ಸಾವಂತ್ರವ್ವ ಸೆರಗು ಬಿಗಿದುಕೊಂಡಳು. ಆದರೂ, "ಬಾರವ್ವ, ಬಿಸಿದು ಕೊಡತೀನಿ" ಎಂದು ಒಳಗೆ ಕರೆದೊಯ್ದಳು. ರೊಟ್ಟಿ ತಿಂದು ಕೂಸು ಆಕೆಯ ತೊಡೆಯ ಮೇಲೆ ನಿದ್ದೆ ಹೋಯಿತು. ಹೊರಗೆ ಅಕ್ಕೋರು ಒಮ್ಮೆ ಇಣುಕಿ ನೋಡಿ, ಹೋಗಿ ಕುರ್ಚಿಯಲ್ಲಿ ಕುಳಿತರು.

ಮಾರನೆಯ ಮಧ್ಯಾಹ್ನ ಗೋಡೆಯಾಚೆ ಹೊಸ ಪದ್ಯ ಶುರುವಾಯಿತು. ಅಕ್ಕೋರು ಏನೋ ಕೇಳಿದರು, ಅನುಜಾ ಏನೋ ಹೇಳಿದಳು, ಎಲ್ಲರೂ ಗೊಳ್ಳೆಂದು ನಕ್ಕರು. ಸಾವಂತ್ರವ್ವನ ಬೆರಳು ತನ್ನಷ್ಟಕ್ಕೇ ಹೋಗಿ ಮಿಕ್ಸರಿನ ಗುಂಡಿಯ ಮೇಲೆ ಕುಳಿತಿತು. ಹಾಗೇ ಸ್ವಲ್ಪ ಹೊತ್ತು ಇತ್ತು. ಆಮೇಲೆ ಆಕೆ ಬೆರಳು ತೆಗೆದು, ಶೇಂಗಾವನ್ನು ಒರಳಿಗೆ ಸುರಿದು, ಸದ್ದಾಗದ ಹಾಗೆ ಮೆಲ್ಲಗೆ ಕುಟ್ಟತೊಡಗಿದಳು.